ಶಾಲೆಗಳಲ್ಲಿ ಮಕ್ಕಳ ರಕ್ಷಣೆ: ದೂರು ಸಲ್ಲಿಸುವ ಬಗ್ಗೆ ಮಾಹಿತಿ

ಮಂಡ್ಯ, ಮದ್ದೂರು ಹಾಗೂ ಮಳವಳ್ಳಿ ತಾಲ್ಲೂಕುಗಳ ಪೋಷಕರು ಮತ್ತು ಸಾರ್ವಜನಿಕರ ಗಮನಕ್ಕೆ.

2022ರ ಅಕ್ಟೋಬರ್ ತಿಂಗಳಿನಲ್ಲಿ ಮಳವಳ್ಳಿ ಪಟ್ಟಣದಲ್ಲಿ ಟ್ಯೂಷನ್‌ಗೆ ತೆರಳಿದ್ದ 10 ವರ್ಷದ ಬಾಲಕಿಯು ಲೈಂಗಿಕ ದೌರ್ಜನ್ಯಕ್ಕೊಳಗಾಗಿ ಹತ್ಯೆಯಾದಳು. ಪಾಠ ಹೇಳುವ ಸ್ಥಳವೆಂಬ ಮಾತ್ರಕ್ಕೆ ಯಾವ ಸ್ಥಳವನ್ನೂ ಸುರಕ್ಷಿತವೆಂದು ಭಾವಿಸಲಾಗದು.

ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣಾ ಕಾಯ್ದೆ, 2012ರ (ಪೋಕ್ಸೊ) 19ನೇ ಪ್ರಕರಣದ ಮೇರೆಗೆ, ಅಪರಾಧ ನಡೆದಿದೆಯೆಂದು ತಿಳಿದವರಷ್ಟೇ ಅಲ್ಲದೆ, ನಡೆಯಬಹುದೆಂಬ ಆತಂಕವುಳ್ಳವರೂ ಪೊಲೀಸರಿಗೆ ತಿಳಿಸತಕ್ಕದ್ದು. ಸಾಕ್ಷ್ಯ ಸಂಗ್ರಹಿಸಿ ತರುವ ಹೊಣೆ ದೂರುದಾರರದಲ್ಲ. ಮುಖ್ಯೋಪಾಧ್ಯಾಯರ ಅನುಮತಿಯೂ ಅಗತ್ಯವಿಲ್ಲ. ಶಾಲೆಯ ಹೆಸರು ಕೆಡುವುದೆಂದು ಪ್ರಕರಣವನ್ನು ಒಳಗೊಳಗೇ ರಾಜಿ ಮಾಡಿಸುವುದು ಮಗುವಿಗೆ ಎಸಗುವ ಎರಡನೆಯ ಅನ್ಯಾಯ. ತಮ್ಮ ಅಧೀನ ಸಿಬ್ಬಂದಿಯ ಕೃತ್ಯವನ್ನು ವರದಿ ಮಾಡದ ಸಂಸ್ಥೆಯ ಮುಖ್ಯಸ್ಥರು 1 ವರ್ಷದವರೆಗಿನ ಕಾರಾವಾಸ ಮತ್ತು ಜುಲ್ಮಾನೆಗೆ ಗುರಿಯಾಗುವರು.

ದೂರನ್ನು ಸಮೀಪದ ಠಾಣೆಯಲ್ಲಿ ಬಾಯಿಮಾತಿನಲ್ಲಿಯೂ ತಿಳಿಸಬಹುದು. ಪೊಲೀಸರು ಅದನ್ನು ಬರೆದುಕೊಂಡು, ದೂರುದಾರರಿಗೆ ಓದಿ ಹೇಳಿ, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡತಕ್ಕದ್ದು. ಸದ್ಭಾವನೆಯಿಂದ ಮಾಹಿತಿ ನೀಡಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದೆಡೆ, ಸಮವಸ್ತ್ರ ಧರಿಸದ ಅಧಿಕಾರಿಯು ಪಡೆಯತಕ್ಕದ್ದು. ಅಲ್ಲಿಯವರೆಗೆ ಮನೆಯವರು ಮಗುವನ್ನು ಪದೇ ಪದೇ ಪ್ರಶ್ನಿಸದಿರುವುದು ಒಳಿತು.

ಹೊಡೆಯುವುದು, ಅವಮಾನಿಸುವುದು, ಬಿಸಿಲಿನಲ್ಲಿ ನಿಲ್ಲಿಸುವುದು ಮುಂತಾದವು ಶಿಸ್ತಿನ ಕ್ರಮಗಳಲ್ಲ. ದೈಹಿಕ ದಂಡನೆ ಹಾಗೂ ಮಾನಸಿಕ ಕಿರುಕುಳವನ್ನು ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಪ್ರಕರಣವು ನಿಷೇಧಿಸಿದೆ. ಈ ಕುರಿತು ಆಯಾ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತ ದೂರು ಸಲ್ಲಿಸಬಹುದು.

ಮಕ್ಕಳ ಸಹಾಯವಾಣಿ: 1098 (ದಿನದ 24 ಗಂಟೆ, ಉಚಿತ). ಮಕ್ಕಳೂ ನೇರವಾಗಿ ಕರೆ ಮಾಡಬಹುದು.