ಬಂದೂಕು ಎತ್ತದವರ ಥ್ರಿಲ್ಲರ್

ಕೊಲೆಗಾರ ಮನೆ ಬಾಗಿಲಿಗೇ ಬಂದಿದ್ದಾನೆ. ಆದ್ರೆ ಮನೆಯವರು ಅವನ ಮೇಲೆ ಬಂದೂಕು ಎತ್ತೋ ಹಾಗಿಲ್ಲ! ಮೆನೊನೈಟ್ ಪ್ರೇಮ-ಥ್ರಿಲ್ಲರ್ ಕಥೆಗಳ ಕುತೂಹಲ ಹುಟ್ಟೋದೇ ಇಲ್ಲಿ.

16ನೇ ಶತಮಾನದ ಮೆನೊ ಸೈಮನ್ಸ್ ಹೆಸರಲ್ಲಿ ಬೆಳೆದ ಈ ಕ್ರೈಸ್ತ ಪಂಥಕ್ಕೆ ಅಹಿಂಸೆಯೇ ಬುನಾದಿ. 1569ರಲ್ಲಿ ಇದೇ ಪರಂಪರೆಯ, ನೆದರ್ಲೆಂಡ್ಸ್‌ನ ಡಿರ್ಕ್ ವಿಲೆಮ್ಸ್, ಸೆರೆಯಿಂದ ತಪ್ಪಿಸಿಕೊಂಡು ಹೆಪ್ಪುಗಟ್ಟಿದ ನೀರು ದಾಟಿದ. ಬೆನ್ನಟ್ಟಿದವನ ಕಾಲಡಿ ಮಂಜುಗಡ್ಡೆ ಒಡೀತು. ಡಿರ್ಕ್ ತಿರುಗಿ ಬಂದು ಅವನನ್ನ ಮೇಲೆತ್ತಿದ. ಹಾಗಾಗಿ ತಾನೇ ಸಿಕ್ಕಿಬಿದ್ದ, ಅವನನ್ನ ಜೀವಂತ ಸುಟ್ಟುಬಿಟ್ರು.

ಮೆನೊನೈಟರ ದಾಯಾದಿ ಪಂಥ ಆಮಿಶ್. 1985ರ ‘ವಿಟ್ನೆಸ್’ ಸಿನಿಮಾದಲ್ಲಿ ಆಮಿಶ್ ಹುಡುಗನೊಬ್ಬ ಕೊಲೆ ನೋಡ್ತಾನೆ. ಅವನನ್ನ ಕಾಪಾಡೋ ಪೊಲೀಸ್, ಅವನ ವಿಧವೆ ತಾಯಿಗೆ ಮನಸೋಲ್ತಾನೆ. ಆಕೆ ಅವನ ಕೈ ಹಿಡಿದ್ರೆ ಪಂಥದಿಂದಲೇ ಬಹಿಷ್ಕಾರ!

ಕೊನೆಗೆ ಮುಖ್ಯ ವಿಲನ್ ಸೋಲೋದು ಯಾರಿಗೆ ಗೊತ್ತಾ? ಗಂಟೆ ಸದ್ದು ಕೇಳಿ ಓಡಿಬಂದು, ಬರಿಗೈಲಿ ಸುಮ್ಮನೆ ನಿಂತ ನೆರೆಹೊರೆಯ ರೈತರಿಗೆ.