ಟಪಾಲಿನವರ ಪಗಾರ ಎಷ್ಟು?

ಕುರಕುಂಭದಲ್ಲೇ ಹುಟ್ಟಿ, ಇಲ್ಲಿಯ ಶಾಲೆಯಲ್ಲಿ ಮರಾಠಿ ಕಲಿತು, ಮನೆಯೊಳಗೆ ಕನ್ನಡ ಮಾತಾಡುವ ನಮ್ಮ ಹುಡುಗ ಹುಡುಗಿಯರೇ, ಈ ಸಲದ ಲೇಖನ ನಿಮಗಾಗಿ.

ಈಚೆಗೆ ಒಂದು ಸಂಜೆ ನಮ್ಮ ಓಣಿಯ ಹುಡುಗಿಯೊಬ್ಬಳು ಮೊಬೈಲ್ ಹಿಡಿದುಕೊಂಡು ನೇರ ಅಡಿಗೆಮನೆಗೇ ಬಂದಳು. ಆಕೆಗೆ ಎಂ.ಐ.ಡಿ.ಸಿ.ಯ ಒಂದು ಕಾರ್ಖಾನೆಯಲ್ಲಿ ಕೆಲಸ. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕಗಳು ಬಂದಿವೆ. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ ಹುದ್ದೆಯ ಜಾಹೀರಾತನ್ನು ತೋರಿಸಿ ಕೇಳಿದಳು: "ಕಾಕೂ, ಫ್ಯಾಕ್ಟರಿ ಬಿಟ್ಟು ಇದಕ್ಕ ಸೇರು ಅಂತಾರ ಅಪ್ಪಾ. ಇದು ಸರ್ಕಾರಿ ನೌಕರಿ ಹೌದೋ ಅಲ್ಲೋ?"

ಹೌದು ಎಂದುಬಿಡುವುದು ಸುಲಭವಾಗಿತ್ತು. ಆದರೆ ಇಂಡಿ ತಾಲ್ಲೂಕಿನ ಹಳ್ಳಿಯಲ್ಲಿದ್ದ ನಮ್ಮ ಕಾಕಾ ನೆನಪಾದರು. ಅವರ ಮನೆಯ ಪಡಸಾಲೆಯೇ ಪೋಸ್ಟ್ ಆಫೀಸು. ಒಂದು ಮೇಜು, ಒಂದು ತಗಡಿನ ಪೆಟ್ಟಿಗೆ, ಠಸ್ಸೆ, ತಕ್ಕಡಿ, ಅಷ್ಟೇ. ಊರೆಲ್ಲ ಅವರನ್ನು "ಪೋಸ್ಟ್ ಮಾಸ್ತರ" ಎಂದು ಕರೆಯುತ್ತಿತ್ತು. 65 ತುಂಬಿ ಅವರು ಕೆಲಸ ಬಿಟ್ಟ ಮೇಲೆ ಕಾಕಿ ಪ್ರತಿ ತಿಂಗಳೂ "ಪೆನ್ಷನ್ ಎಂದ ಬರತದ?" ಎಂದು ಕೇಳುತ್ತಿದ್ದರು. ಅದು ಬರುವಂಥದ್ದೇ ಆಗಿರಲಿಲ್ಲ. ನೇಮಕಾತಿಯ ಕಾಗದದಲ್ಲಿ ಎಲ್ಲವೂ ಸ್ಪಷ್ಟವಾಗಿತ್ತು, ಆದರೆ ಮನೆಯಲ್ಲಿ ಯಾರೂ ಅದನ್ನು ಓದಿರಲಿಲ್ಲ. ಇಂಗ್ಲಿಷ್ ಬಿ.ಎ. ಮಾಡಿದ್ದ ನಾನೂ ಓದಿರಲಿಲ್ಲ. ಆ ತಪ್ಪು ಈ ಹುಡುಗಿಯ ಮನೆಯಲ್ಲಿ ಆಗಬಾರದೆಂದು ಇಬ್ಬರೂ ಕಾಗದ, ಪೆನ್ನು ಹಿಡಿದು ಕುಳಿತೆವು.

ಮೊದಲು ತಿಳಿಯಬೇಕಾದದ್ದು ಇದು: ಟಪಾಲು ತರುವವರಲ್ಲಿ ಎರಡು ಬಗೆ. ಇಲಾಖೆಯ ಖಾಯಂ ನೌಕರರು ಒಂದು ಬಗೆ, ಗ್ರಾಮೀಣ ಡಾಕ್ ಸೇವಕರು ಇನ್ನೊಂದು. ಎರಡನೆಯದು ಬ್ರಿಟಿಷರ ಕಾಲದ ಪದ್ಧತಿ. ಹಳ್ಳಿಗಳಲ್ಲಿ ಟಪಾಲು ಕಡಿಮೆ, ಪೂರ್ಣಾವಧಿ ನೌಕರರನ್ನು ಇಡುವುದು ದುಬಾರಿ. ಆದ್ದರಿಂದ ಶಾಲೆಯ ಮಾಸ್ತರು, ಕಿರಾಣಿ ಅಂಗಡಿಯವರು, ಹೊಲ ಇದ್ದವರು ಇಂಥವರಿಗೆ ದಿನಕ್ಕೆ ಕೆಲವು ತಾಸಿನ ಮಟ್ಟಿಗೆ ಈ ಕೆಲಸ ವಹಿಸುತ್ತಿದ್ದರು. ಅವರನ್ನು ಇಲಾಖೇತರ ಏಜೆಂಟರು ಎನ್ನುತ್ತಿದ್ದರು. 2001ರ ನಿಯಮಗಳಲ್ಲಿ ಅವರೇ "ಗ್ರಾಮೀಣ ಡಾಕ್ ಸೇವಕ"ರಾದರು. ಹೆಸರು ಬದಲಾದರೂ ಮೂಲದ ಕಲ್ಪನೆ ಉಳಿಯಿತು. ದಿನಕ್ಕೆ ಐದು ತಾಸಿಗಿಂತ ಹೆಚ್ಚಿನ ಕೆಲಸವಿಲ್ಲ, ಹೊಟ್ಟೆಪಾಡಿಗೆ ಬೇರೆ ಆದಾಯವೂ ಇರಬೇಕು ಎಂದು ನಿಯಮವೇ ಹೇಳುತ್ತದೆ.

ಈಗ ಪಗಾರಕ್ಕೆ ಬರೋಣ. ಖಾಯಂ ನೌಕರರಿಗೆ ಏಳನೆಯ ಕೇಂದ್ರ ವೇತನ ಆಯೋಗದ ಪಟ್ಟಿ 2016ರ ಜನವರಿ 1ರಿಂದ ಅನ್ವಯವಾಯಿತು. ಅದರಲ್ಲಿ ಎಂ.ಟಿ.ಎಸ್. ಎನ್ನುವ ಸಹಾಯಕ ಸಿಬ್ಬಂದಿ ಲೆವೆಲ್ 1ರಲ್ಲಿದ್ದಾರೆ, ಆರಂಭದ ಮೂಲವೇತನ ರೂ. 18,000. ಪೋಸ್ಟ್‌ಮನ್ ಲೆವೆಲ್ 3, ರೂ. 21,700. ಕೌಂಟರಿನಲ್ಲಿ ಕೂರುವ ಪೋಸ್ಟಲ್ ಅಸಿಸ್ಟೆಂಟ್ ಲೆವೆಲ್ 4, ರೂ. 25,500. ವರ್ಷಕ್ಕೊಮ್ಮೆ ಸುಮಾರು ಶೇಕಡಾ 3 ಇನ್ಕ್ರಿಮೆಂಟು ಸಿಗುತ್ತದೆ, ಅಂದರೆ ಪೋಸ್ಟ್‌ಮನ್ನರ 21,700 ಮರುವರ್ಷ 22,400 ಆಗುತ್ತದೆ. ಬಡ್ತಿ ಸಿಗದೆ ಒಂದೇ ಹುದ್ದೆಯಲ್ಲಿ ಉಳಿದವರಿಗೂ 10, 20, 30 ವರ್ಷಗಳ ಸೇವೆಗೆ ಒಂದೊಂದು ಲೆವೆಲ್ ಮೇಲಿನ ಸಂಬಳ ಸಿಗುತ್ತದೆ.

ಮೂಲವೇತನದ ಮೇಲೆ ತುಟ್ಟಿಭತ್ಯೆ ಸೇರುತ್ತದೆ. 2025ರ ಜುಲೈಯಿಂದ ಅದು ಶೇಕಡಾ 58 ಆಯಿತು. ಆಮೇಲೆ ಮನೆಬಾಡಿಗೆ ಭತ್ಯೆ. ಇದು ಊರಿನ ದರ್ಜೆಯ ಮೇಲೆ ನಿಂತಿದೆ. ತುಟ್ಟಿಭತ್ಯೆ 50 ಮುಟ್ಟಿದ 2024ರ ಜನವರಿಯಿಂದ ಎಕ್ಸ್ ದರ್ಜೆಗೆ ಶೇಕಡಾ 30, ವೈ ದರ್ಜೆಗೆ 20, ಝಡ್ ದರ್ಜೆಗೆ 10 ಎಂದಾಯಿತು. ಪುಣೆ ನಗರ ಎಕ್ಸ್ ದರ್ಜೆಯಲ್ಲಿದೆ. ಪಟ್ಟಿಯಲ್ಲಿ ಹೆಸರಿಲ್ಲದ ನಮ್ಮ ಕುರಕುಂಭದಂಥ ಊರುಗಳೆಲ್ಲ ಝಡ್. ಹೊಸದಾಗಿ ಸೇರಿದ ಪೋಸ್ಟ್‌ಮನ್ನರಿಗೆ ಪುಣೆಯಲ್ಲಿ ಬಾಡಿಗೆ ಭತ್ಯೆ ರೂ. 6,510 ಸಿಕ್ಕರೆ, ಅದೇ ಸೋಲಾಪುರ ರಸ್ತೆಯಲ್ಲಿ ಇಲ್ಲಿಗೆ ಬರುವ ಹೊತ್ತಿಗೆ ಅದು ರೂ. 2,170ಕ್ಕೆ ಇಳಿಯುತ್ತದೆ! ಆದರೂ ಇಲ್ಲಿಯ ಲೆಕ್ಕ ಹಾಕಿದರೆ ಮೂಲವೇತನ 21,700, ತುಟ್ಟಿಭತ್ಯೆ 12,586, ಬಾಡಿಗೆ ಭತ್ಯೆ 2,170, ಒಟ್ಟು ರೂ. 36,456. ಪ್ರಯಾಣ ಭತ್ಯೆ ಬೇರೆ.

ಇನ್ನು ಡಾಕ್ ಸೇವಕರು. ವೇತನ ಆಯೋಗದ ಪಟ್ಟಿಯಲ್ಲಿ ಇವರಿಲ್ಲ, ಇವರಿಗೆ ಬೇರೆ ಸಮಿತಿ. ಇತ್ತೀಚಿನದು ಕಮಲೇಶ್ ಚಂದ್ರ ಸಮಿತಿ. ಅದು 2016ರಲ್ಲೇ ವರದಿ ಕೊಟ್ಟಿತ್ತು. ಜಾರಿಗೆ ತಡವಾದಾಗ 2018ರ ಮೇ 22ರಿಂದ ದೇಶದ ಉದ್ದಗಲಕ್ಕೂ ಡಾಕ್ ಸೇವಕರು ಮುಷ್ಕರ ಹೂಡಿದರು. ಜೂನ್ 6ರಂದು ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಆಗ ನಿಗದಿಯಾದಂತೆ ಶಾಖಾ ಪೋಸ್ಟ್ ಮಾಸ್ತರರಿಗೆ ನಾಲ್ಕು ತಾಸಿನ ಕೆಲಸಕ್ಕೆ ಆರಂಭದ ಮೊತ್ತ ರೂ. 12,000, ಐದು ತಾಸಿಗೆ ರೂ. 14,500. ಸಹಾಯಕ ಪೋಸ್ಟ್ ಮಾಸ್ತರರಿಗೆ ಮತ್ತು ಡಾಕ್ ಸೇವಕರಿಗೆ ಕ್ರಮವಾಗಿ ರೂ. 10,000 ಮತ್ತು ರೂ. 12,000. ಇದಕ್ಕೂ ತುಟ್ಟಿಭತ್ಯೆ ಉಂಟು, ವರ್ಷಕ್ಕೆ ಶೇಕಡಾ 3ರ ಏರಿಕೆಯೂ ಉಂಟು. ಆದರೆ ಇದನ್ನು "ವೇತನ" ಎನ್ನುವುದಿಲ್ಲ, ಕೆಲಸದ ಸಮಯಕ್ಕೆ ತಕ್ಕ ಭತ್ಯೆ ಎನ್ನುತ್ತಾರೆ. ನಾಲ್ಕು ತಾಸಿನ ಸಹಾಯಕಿಗೆ 10,000ದ ಮೇಲೆ 5,800 ತುಟ್ಟಿಭತ್ಯೆ ಸೇರಿ ರೂ. 15,800. ಪೋಸ್ಟ್‌ಮನ್ನರ ಲೆಕ್ಕದ ಅರ್ಧವೂ ಇಲ್ಲ. ಅಂಚೆಚೀಲ ಒಂದೇ, ಬಿಸಿಲೂ ಒಂದೇ!

"ಹಾಂಗಾದ್ರ ಇದು ಸರ್ಕಾರಿ ನೌಕರಿ ಅಲ್ಲೇನು?" ಎಂದಳು ಹುಡುಗಿ. ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. 1977ರಲ್ಲಿ ಪಿ.ಕೆ. ರಾಜಮ್ಮ ಎಂಬವರ ಪ್ರಕರಣದಲ್ಲಿ, ಇಲಾಖೇತರ ಏಜೆಂಟರದೂ ಸರ್ಕಾರದ ಸಿವಿಲ್ ಹುದ್ದೆಯೇ, ಸಂವಿಧಾನದ 311ನೆಯ ವಿಧಿಯ ರಕ್ಷಣೆ ಅವರಿಗೂ ಇದೆ, ಕಾರಣ ಕೇಳದೆ ತೆಗೆದುಹಾಕುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. 2019ರಲ್ಲಿ ಗಂಡಿಬಾ ಬೆಹೆರಾ ಪ್ರಕರಣದಲ್ಲಿ ತೀರ್ಪು ಬೇರೆಯಾಯಿತು. ಡಾಕ್ ಸೇವಕರಾಗಿ ದುಡಿದು ಮುಂದೆ ಖಾಯಂ ಹುದ್ದೆಗೆ ಬಂದವರ ಹಳೆಯ ವರ್ಷಗಳು ಪೆನ್ಷನ್ ಲೆಕ್ಕಕ್ಕೆ ಬರುವುದಿಲ್ಲ ಎಂದಾಯಿತು. ಅಂದರೆ ಕೆಲಸದಿಂದ ತೆಗೆಯುವಾಗ ಸರ್ಕಾರಿ ಹುದ್ದೆ, ಪೆನ್ಷನ್ ಕೇಳುವಾಗ ಅಲ್ಲ. ಕಾಕಿಯ ಪ್ರಶ್ನೆಗೆ ಉತ್ತರ ಇಲ್ಲೇ ಇತ್ತು.

ಪೆನ್ಷನ್ ವಿಷಯ ಇನ್ನಷ್ಟು ಬಿಡಿಸಿ ಹೇಳುತ್ತೇನೆ. 2004ರ ಜನವರಿ 1ರ ನಂತರ ಸೇರಿದ ಖಾಯಂ ನೌಕರರಿಗೆ ಹಳೆಯ ಪೆನ್ಷನ್ ಇಲ್ಲ, ರಾಷ್ಟ್ರೀಯ ಪೆನ್ಷನ್ ಪದ್ಧತಿ ಇದೆ. 2025ರ ಏಪ್ರಿಲ್ 1ರಿಂದ ಏಕೀಕೃತ ಪೆನ್ಷನ್ ಯೋಜನೆಯ ಆಯ್ಕೆಯೂ ಬಂದಿದೆ. ಅದರಲ್ಲಿ 25 ವರ್ಷ ಸೇವೆ ಮಾಡಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲವೇತನದ ಅರ್ಧ ಸಿಗುತ್ತದೆ. ಡಾಕ್ ಸೇವಕರಿಗೆ ಇವೆರಡೂ ಇಲ್ಲ. ಅವರಿಗಿರುವುದು 2011ರಲ್ಲಿ ಶುರುವಾದ ಸೇವಾ ವಿಮುಕ್ತಿ ಯೋಜನೆ ಮತ್ತು ಒಂದು ಗಂಟಿನ ಗ್ರ್ಯಾಚುಯಿಟಿ. 2023ರ ಡಿಸೆಂಬರ್ 12ರಿಂದ ನಡೆದ ಮುಷ್ಕರದಲ್ಲಿ ಎಂಟು ತಾಸಿನ ಕೆಲಸ ಮತ್ತು ಪೆನ್ಷನ್ ಮುಖ್ಯ ಬೇಡಿಕೆಗಳಾಗಿದ್ದವು. 2024ರ ಮಾರ್ಚಿನಲ್ಲಿ 12, 24, 36 ವರ್ಷ ಸೇವೆ ಮುಗಿಸಿದವರಿಗೆ ವರ್ಷಕ್ಕೆ ಕ್ರಮವಾಗಿ ರೂ. 4,320, ರೂ. 5,520, ರೂ. 7,200 ಹೆಚ್ಚುವರಿ ಕೊಡುವುದಾಗಿ ಸರ್ಕಾರ ಪ್ರಕಟಿಸಿತು. ತಿಂಗಳ ಲೆಕ್ಕಕ್ಕೆ ಇಳಿಸಿದರೆ 12 ವರ್ಷ ದುಡಿದವರಿಗೆ 360 ರೂಪಾಯಿ. ಖಾಯಂ ನೌಕರರಿಗಾಗಿ ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿಯವರ ಅಧ್ಯಕ್ಷತೆಯ ಎಂಟನೆಯ ವೇತನ ಆಯೋಗದ ಕಾರ್ಯಸೂಚಿಗೆ 2025ರ ಅಕ್ಟೋಬರ್ 28ರಂದು ಒಪ್ಪಿಗೆ ಸಿಕ್ಕಿತು. ವರದಿಗೆ 18 ತಿಂಗಳ ಅವಧಿ ಕೊಟ್ಟರು.

ನಿಮಗೆ ಮುಖ್ಯವಾದ ಇನ್ನೊಂದು ಮಾತು ಭಾಷೆಯದು. ಈ ಹುದ್ದೆಗೆ ಆಯಾ ವಲಯದ ಸ್ಥಳೀಯ ಭಾಷೆಯನ್ನು ಹತ್ತನೆಯ ತರಗತಿಯವರೆಗೆ ಓದಿರಬೇಕು. ಮಹಾರಾಷ್ಟ್ರಕ್ಕೆ ಮರಾಠಿ, ಕರ್ನಾಟಕಕ್ಕೆ ಕನ್ನಡ. ಇಲ್ಲಿ ಮರಾಠಿ ಓದಿದ ನಿಮಗೆ ಇಲ್ಲಿಯ ಬಾಗಿಲು ತೆರೆದಿದೆ. ಆದರೆ ಅಜ್ಜನ ಊರಿನ ಹುದ್ದೆಗೆ ಅರ್ಜಿ ಹಾಕಲು ಮನೆಯಲ್ಲಿ ಆಡುವ ಕನ್ನಡ ಸಾಲದು, ಅಂಕಪಟ್ಟಿಯಲ್ಲೂ ಕನ್ನಡ ಇರಬೇಕು. ಇದನ್ನು ಕೇಳಿ ಆ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಾದಳು. ಇಂಡಿ ಕಡೆ ಹುದ್ದೆ ಸಿಕ್ಕರೆ ಅಜ್ಜಿಯ ಜೊತೆ ಇರಬಹುದೆಂದು ಅವಳು ಎಣಿಸಿದ್ದಳು.

ಆಯ್ಕೆ ಹತ್ತನೆಯ ತರಗತಿಯ ಅಂಕಗಳ ಮೇಲೆ ನಡೆಯುತ್ತದೆ, ಪರೀಕ್ಷೆ ಇಲ್ಲ. ವಯಸ್ಸು 18ರಿಂದ 40. ಅರ್ಜಿ ಶುಲ್ಕ ರೂ. 100, ಹೆಣ್ಣುಮಕ್ಕಳಿಗೆ ಅದೂ ಇಲ್ಲ. ಸೈಕಲ್ ಹೊಡೆಯಲು ಬರಬೇಕು. ಶಾಖಾ ಪೋಸ್ಟ್ ಮಾಸ್ತರರಾದರೆ ಆ ಹಳ್ಳಿಯಲ್ಲೇ ವಾಸ ಮಾಡಿ, ಕಚೇರಿಗೂ ತಾವೇ ಜಾಗ ಹೊಂದಿಸಬೇಕು. ನಮ್ಮ ಕಾಕಾನ ಪಡಸಾಲೆ ಆಫೀಸಾದದ್ದು ಹೀಗೆಯೇ. ಬೇರೆ ತಾಲ್ಲೂಕಿನ ಹಳ್ಳಿ ಬಂದರೆ ಬಾಡಿಗೆ ಕೊಟ್ಟು ಕೈಯಲ್ಲಿ ಎಷ್ಟು ಉಳಿದೀತು? ಕಾರ್ಖಾನೆ ಬಿಟ್ಟರೆ ಅಲ್ಲಿಯ ಪಿ.ಎಫ್. ಕಂತು, ಇ.ಎಸ್.ಐ. ಆಸ್ಪತ್ರೆ ಎರಡೂ ನಿಲ್ಲುತ್ತವೆ. ಈ ಲೆಕ್ಕವನ್ನೂ ಬರೆದೆವು.

ಹಾಗೆಂದು ಈ ಕೆಲಸ ಬೇಡವೆಂದು ನಾನು ಹೇಳುತ್ತಿಲ್ಲ. ಹೊಲ, ಅಂಗಡಿ, ಹೊಲಿಗೆ ಇದ್ದವರಿಗೆ ನಾಲ್ಕೈದು ತಾಸಿನ ಈ ದುಡಿಮೆ ದೊಡ್ಡ ಆಸರೆ. ಪೋಸ್ಟ್‌ಮನ್, ಎಂ.ಟಿ.ಎಸ್. ಹುದ್ದೆಗಳಲ್ಲಿ ಒಂದು ಪಾಲು ಇಲಾಖೆಯ ಪರೀಕ್ಷೆ ಪಾಸಾದ ಡಾಕ್ ಸೇವಕರಿಗೇ ಮೀಸಲು. ಮೊದಲ ಮೆಟ್ಟಿಲೆಂದು ಹತ್ತಿದರೆ ಅದು ಮೇಲಕ್ಕೆ ಒಯ್ಯಬಹುದು. ಅದೇ ಮನೆ ಎಂದುಕೊಂಡು ಕೂತರೆ 65ರಲ್ಲಿ ಕಾಕಿಯಂತೆ ದಾರಿ ಕಾಯಬೇಕಾದೀತು.

ರಾತ್ರಿ ಅವಳ ಅಪ್ಪ ನಮ್ಮ ಮನೆಗೆ ಬಂದು ಆ ಕಾಗದವನ್ನು ಎರಡು ಸಲ ಓದಿದರು. "ವೈನಿ, ಪೋಸ್ಟ್ ಅಂದ್ರ ಎಲ್ಲಾ ಒಂದ ಅಂತ ತಿಳಿದಿದ್ದೆ," ಎಂದರು. ಹುಡುಗಿ ಅರ್ಜಿ ಹಾಕಿದ್ದಾಳೆ. ಫ್ಯಾಕ್ಟರಿ ಬಿಟ್ಟಿಲ್ಲ. ಯಾವ ಊರು, ಎಷ್ಟು ತಾಸು ಎಂದು ಗೊತ್ತಾದ ಮೇಲೆ ನಿರ್ಧಾರ.

ಮಕ್ಕಳೇ, ಯಾವ ನೌಕರಿಯೇ ಇರಲಿ, "ಸರ್ಕಾರಿ" ಎಂಬ ಮಾತು ಕೇಳಿದೊಡನೆ ಹಿರಿಯರ ಮುಖ ಅರಳುತ್ತದೆ. ಅವರ ಸಂತೋಷವನ್ನು ತಪ್ಪೆನ್ನಬೇಡಿ, ಆದರೆ ಸಹಿ ಮಾಡುವ ಮೊದಲು ನೇಮಕಾತಿಯ ಕಾಗದವನ್ನು ನೀವು ಓದಿ, ಅವರಿಗೂ ಓದಿ ಹೇಳಿ. ಹಾಗೆಯೇ ಮುಂದಿನ ಸಲ ಹಳ್ಳಿಗೆ ಹೋದಾಗ ಟಪಾಲು ತಡವಾಯಿತೆಂದು ಯಾರಾದರೂ ಗೊಣಗಿದರೆ, ತಂದುಕೊಟ್ಟವರಿಗೆ ದಿನಕ್ಕೆ ಎಷ್ಟು ತಾಸಿನ ಪಗಾರ ಸಿಗುತ್ತದೆಂದು ಅವರಿಗೆ ತಿಳಿಸಿ.