ಹೆಲ್ಮೆಟ್ ಪೊಲೀಸರಿಗೋ, ತಲೆಗೋ?

‘ಸರ್ಕಲ್‌ನಲ್ಲಿ ಪೊಲೀಸ್ ಇದ್ದಾರೆ, ಹಿಂದಿನ ರಸ್ತೆಯಲ್ಲಿ ಬಾ.’ ಕಾಲೇಜು ಹುಡುಗರ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಇಂಥ ಮೆಸೇಜ್ ಬಾರದ ದಿನವಿಲ್ಲ. ದಂಡ ಉಳಿದ ಖುಷಿಯಲ್ಲಿ, ಉಳಿಯಬೇಕಾದ್ದು ತಲೆ ಎಂಬುದೇ ಮರೆತುಹೋಗುತ್ತದೆ.

ಪೊಲೀಸರು ಹಿಡಿದರೆ ಸಾವು ಕಡಿಮೆಯಾಗುತ್ತದೆಯೇ? ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ನೋಡಿ. 2023ರಲ್ಲಿ ಅಲ್ಲಿ 188 ಮಂದಿ ಸತ್ತರು; 2024ರಲ್ಲಿ 50. ಈ ನಡುವೆ ಬೈಕು, ಆಟೊಗಳನ್ನು ಮುಖ್ಯ ಪಥದಿಂದ ಹೊರಗಿಟ್ಟರು. ಗಂಟೆಗೆ 100 ಕಿ.ಮೀ. ಮಿತಿ ಮೀರಿದವರನ್ನು ಹಿಡಿಯಲು ರಾಡಾರ್ ಗನ್, ಕ್ಯಾಮೆರಾಗಳು ಬಂದವು. ಎಲ್ಲ ಶ್ರೇಯ ದಂಡಕ್ಕೇ ಸಲ್ಲದು, ನಿಜ. ಆದರೆ ‘ತಪ್ಪಿಸಿಕೊಳ್ಳಲಾಗದು’ ಎಂಬ ಭಯಕ್ಕೂ ಅದರಲ್ಲಿ ಪಾಲಿದೆ.

ಮರದ ಮರೆಯಲ್ಲಿ ನಿಂತು, ದಿಢೀರನೆ ಅಡ್ಡ ಬಂದು ಬೈಕಿನ ಕೀ ಕಿತ್ತುಕೊಂಡರೆ ಆ ಭಯ ಹುಟ್ಟದು. ಹುಟ್ಟುವುದು ಯೂ–ಟರ್ನ್ ಹೊಡೆದು ಪಾರಾಗುವ ಜಾಣತನ. ಅದೂ ಜೀವಕ್ಕೆ ಕುತ್ತೇ.

2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಧರಿಸದೆ ಸತ್ತವರು 50 ಸಾವಿರಕ್ಕೂ ಹೆಚ್ಚು. ಪೊಲೀಸರಿಗೆ ತೋರಿಸಲೆಂದೇ ಅರ್ಧ ಹೆಲ್ಮೆಟ್ ಕೊಳ್ಳುವ ಗೆಳೆಯರೇ, ಟಾರು ರಸ್ತೆ ದಂಡದ ರಸೀದಿ ಕೊಡುವುದಿಲ್ಲ. ಐಎಸ್‌ಐ ಗುರುತಿನ ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿದುಕೊಳ್ಳಿ. ಕ್ಯಾಮೆರಾ ಇಲ್ಲದ ಓಣಿಯಲ್ಲೂ.